ಅರವತ್ತು ರೂಪಾಯಿ ಉಳಿದ ಚಟ್ನಿ ಪುಡಿ: ಒಂದು ಮನೆ ವ್ಯಾಪಾರದ ಪ್ರಕರಣ

2023ರ ಯುಗಾದಿಗೆ ಊರಿಗೆ ಹೋಗಿದ್ದೆ. ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ಅತ್ತಿಗೆ ಒಂದು ಹಳೇ ಡೈರಿ ತಂದು ಮುಂದೆ ಇಟ್ಟರು.

"ನೀನು ಆಡಿಟರ್ ಆಫೀಸಲ್ಲಿ ಕೆಲಸ ಮಾಡೋನು. ಸ್ವಲ್ಪ ನೋಡಿ ಹೇಳು. ಎರಡು ವರ್ಷದಿಂದ ಕೈತುಂಬ ಕೆಲಸ ಇದೆ, ಆರ್ಡರಿಗೇನೂ ಬರ ಇಲ್ಲ. ದುಡ್ಡು ಮಾತ್ರ ನಿಲ್ತಾ ಇಲ್ಲ. ಎಲ್ಲಿಗೆ ಹೋಗ್ತಿದೆ ಅದು?"

ಡೈರಿ ತಿರುವಿ ಹಾಕಿದೆ. "ಜಯನಗರ ಅಕ್ಕ, ಚ.ಪು. 4, ಸಾ.ಪು. 2" ಅಂತ ಚಟ್ನಿ ಪುಡಿ, ಸಾರಿನ ಪುಡಿಯ ಆರ್ಡರುಗಳು. ದುಡ್ಡು ಬಂದದ್ದಕ್ಕೆ ಪಕ್ಕದಲ್ಲಿ ಒಂದು ಗೀಟು. ನಡುನಡುವೆ ಹಾಲಿನ ಲೆಕ್ಕ, ಮಗನ ಸ್ಕೂಲ್ ವ್ಯಾನಿನ ಫೀಸು, ತೋಟಕ್ಕೆ ಬಂದ ಆಳುಗಳ ಹೆಸರು. ಬೇಳೆ, ಮೆಣಸು ತಂದ ಖರ್ಚು ಮಾತ್ರ ಎಲ್ಲೂ ಇರಲಿಲ್ಲ. ಯಾಕೆಂದರೆ ಅದು ಮನೆ ದಿನಸಿಯ ಜೊತೆಗೇ, ಒಂದೇ ಚೀಟಿಯಲ್ಲಿ ಬರುತ್ತಿತ್ತು.

ಆ ಮಧ್ಯಾಹ್ನದಿಂದ ಇಲ್ಲಿಯವರೆಗೆ ಏನೇನಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ. ಗೆದ್ದ ಕಥೆ ಅಂತ ಓದಬೇಡಿ. ಇನ್ನೂ ನಡೆಯುತ್ತಿರುವ ವ್ಯಾಪಾರ ಇದು. ಅತ್ತಿಗೆಯನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬೇಡ ಅಂದಿದ್ದಾರೆ.

ಶುರುವಾದದ್ದು

ಸಾಗರದಿಂದ ಎಂಟು ಕಿಲೋಮೀಟರ್ ದೂರದ ಹಳ್ಳಿ ನಮ್ಮದು. ಅಣ್ಣನಿಗೆ ಒಂದೂಕಾಲು ಎಕರೆ ಅಡಿಕೆ ತೋಟ, ಪೇಟೆಯಲ್ಲಿ ಒಂದು ಜೆರಾಕ್ಸ್ ಅಂಗಡಿ. 2021ರ ಎರಡನೇ ಲಾಕ್‌ಡೌನಿನಲ್ಲಿ ಮುಚ್ಚಿದ ಅಂಗಡಿ ಮತ್ತೆ ತೆರೆಯಲಿಲ್ಲ. ಆ ಮಳೆಗಾಲದಲ್ಲೇ ಅತ್ತಿಗೆ ಚಟ್ನಿ ಪುಡಿ ಮಾಡಿ ಬೆಂಗಳೂರಿನ ನೆಂಟರಿಗೆ ಕಳಿಸಿದ್ದು. ನೆಂಟರು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ ಎರಡು ವರ್ಷದಲ್ಲಿ ಖಾಯಂ ಗಿರಾಕಿಗಳೇ ಅರವತ್ತು ಮನೆಯಾದರು. ಬೇಸಿಗೆಯಲ್ಲಿ ಹಲಸಿನ ಹಪ್ಪಳಕ್ಕೆ ಅಂತ ಬರುವವರು ಬೇರೆ.

ಗಿರಾಕಿ ಕೇಳಿದ್ದಕ್ಕೆಲ್ಲ "ಆಯ್ತು, ಮಾಡಿಕೊಡ್ತೀನಿ" ಅಂದದ್ದರಿಂದ ಪಟ್ಟಿ ಬೆಳೆದು 14 ತಿನಿಸಾಗಿತ್ತು. ಚಟ್ನಿ ಪುಡಿ, ಸಾರಿನ ಪುಡಿ, ಹುಳಿ ಪುಡಿ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಚಕ್ಕುಲಿ, ಕೋಡುಬಳೆ, ಮೂರು ನಮೂನೆ ಸಂಡಿಗೆ... ಊರಿನ ನಾಲ್ಕು ಮನೆಗೆ ದಿನಾ ದೋಸೆ ಹಿಟ್ಟು ಕೂಡ.

ಅಡುಗೆಮನೆಯಲ್ಲಿ ತಕ್ಕಡಿ

ಡೈರಿಯಿಂದ ಏನೂ ತಿಳಿಯುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಅತ್ತಿಗೆ ಚಟ್ನಿ ಪುಡಿ ಮಾಡುವವರಿದ್ದರು. ನಾನು ತಕ್ಕಡಿ ಹಿಡಿದು ಅಡುಗೆಮನೆಯಲ್ಲಿ ಕೂತೆ.

ಅಮ್ಮನಿಗೆ ನಗು. "ಅಳೆದು ಮಾಡಿದ್ರೆ ರುಚಿ ಬರತ್ತೇನೋ?" ಅಮ್ಮನದು ಪಾವು, ಮುಷ್ಟಿ, ಕಣ್ಣಳತೆ. ಆದರೆ ಅವತ್ತೇ ಒಂದು ವಿಷಯ ಗೊತ್ತಾಯಿತು. ಅಮ್ಮ ಹಾಕುವ ಮೆಣಸಿಗೂ ಅತ್ತಿಗೆ ಹಾಕುವ ಮೆಣಸಿಗೂ ಒಂದು ಒಬ್ಬೆಯಲ್ಲಿ, ಅಂದರೆ ಒಂದು ಸಲ ಮಾಡುವಷ್ಟರಲ್ಲಿ, ನೂರು ಗ್ರಾಂ ವ್ಯತ್ಯಾಸ ಇತ್ತು. "ಹೋದ ಸಲದ್ದು ಖಾರ ಜಾಸ್ತಿ ಇತ್ತು", "ಈ ಸಲ ಸಪ್ಪೆ" ಅಂತ ಗಿರಾಕಿಗಳು ಹೇಳುತ್ತಿದ್ದದ್ದು ಸುಮ್ನೆ ಅಲ್ಲ.

ಐದು ಕಿಲೋ ಪುಡಿಯ ಒಂದು ಒಬ್ಬೆಗೆ ಅವತ್ತು ಬಿದ್ದ ಖರ್ಚು ಹೀಗಿತ್ತು. ಕಡಲೆಬೇಳೆ ಒಂದೂವರೆ ಕಿಲೋ, 120 ರೂಪಾಯಿ. ಉದ್ದಿನಬೇಳೆ ಅಷ್ಟೇ, 195. ಒಣಕೊಬ್ಬರಿ ಒಂದೂಕಾಲು ಕಿಲೋ, 200. ಬ್ಯಾಡಗಿ ಮೆಣಸಿನಕಾಯಿ 600 ಗ್ರಾಂ, 390. ಆ ವರ್ಷ ಬ್ಯಾಡಗಿ ಮೆಣಸು ಮುಟ್ಟಿದರೆ ಕೈ ಸುಡುವಷ್ಟು ತುಟ್ಟಿಯಾಗಿತ್ತು. ಹುಣಸೆ, ಬೆಲ್ಲ, ಇಂಗು, ಉಪ್ಪು, ಎಣ್ಣೆ ಎಲ್ಲಾ ಸೇರಿ 135. ಒಟ್ಟು 1,040.

ಕಾಲು ಕಿಲೋದ 20 ಪೊಟ್ಟಣ ಆಯಿತು. ಪೊಟ್ಟಣಕ್ಕೆ 80 ರೂಪಾಯಿಯಂತೆ 1,600. ಅತ್ತಿಗೆಯ ಮನಸ್ಸಿನ ಲೆಕ್ಕ ಇಲ್ಲಿಗೇ ಮುಗಿಯುತ್ತಿತ್ತು. ಒಬ್ಬೆಗೆ 560 ರೂಪಾಯಿ ಲಾಭ!

ಇನ್ನೂ ಬಾಕಿ ಇತ್ತು. ಜಿಪ್ ಇರುವ ಪೌಚು ಮತ್ತು ಸ್ಟಿಕ್ಕರು ಒಂದಕ್ಕೆ ಏಳೂವರೆ, 20ಕ್ಕೆ 150. ಗಿರಣಿಗೆ ಕಿಲೋಗೆ 20ರಂತೆ 100. ಗ್ಯಾಸು ಸುಮಾರು 50. ಅಣ್ಣ ಬೈಕಿನಲ್ಲಿ ಗಿರಣಿಗೆ, ಕೊರಿಯರಿಗೆ ಅಂತ ಓಡಾಡಿದ ಪೆಟ್ರೋಲು ಕಡಿಮೆ ಹಿಡಿದರೂ 40. ಒಟ್ಟು 340.

"ಇಪ್ಪತ್ತೂ ಮಾರಿದ್ರಾ ಅತ್ತಿಗೆ?"

"ಎಲ್ಲಿ! ಒಂದು ನನ್ನ ತವರಿಗೆ. ಇನ್ನೊಂದು ನಮಗೇ ಬೇಕಲ್ಲ."

ಹಾಗಾದರೆ ಮಾರಿದ್ದು 18. ಕೈಗೆ ಬಂದದ್ದು 1,440. ಖರ್ಚು 1,380. ಉಳಿದದ್ದು 60 ರೂಪಾಯಿ.

ಹುರಿದು, ಪುಡಿ ಮಾಡಿಸಿ, ತಣಿಸಿ, ತೂಗಿ, ತುಂಬುವುದಕ್ಕೆ ಅತ್ತಿಗೆಯ ಆರು ಗಂಟೆ, ಅಮ್ಮನ ಎರಡು ಗಂಟೆ ಹಿಡಿದಿತ್ತು. ಎಂಟು ಗಂಟೆಗೆ ಅರವತ್ತು ರೂಪಾಯಿ. ಅಡಿಕೆ ಸುಲಿಯಲು ಹೋದ ಪಕ್ಕದ ಮನೆಯವರು ಒಂದು ದಿನಕ್ಕೆ ಇದರ ಎಷ್ಟೋ ಪಾಲು ಜಾಸ್ತಿ ತರುತ್ತಾರೆ. ಕೊರಿಯರಿನ ಖರ್ಚು ಇದರಲ್ಲಿ ಇನ್ನೂ ಸೇರಿಲ್ಲ. "ನಮ್ಮವರು" ಅಂತ ಕೆಲವರಿಂದ ಅದನ್ನು ಅವರು ತೆಗೆದುಕೊಳ್ಳುತ್ತಲೇ ಇರಲಿಲ್ಲ.

ಅತ್ತಿಗೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಕಾಫಿಗೆ ನೀರಿಟ್ಟರು.

ನನಗೆ ಅವತ್ತು ಅನ್ನಿಸಿದ್ದು ಇಷ್ಟು. ಇಲ್ಲಿ ಮನೆ ವ್ಯಾಪಾರಕ್ಕೆ ಕೊಡುತ್ತಿತ್ತು, ವ್ಯಾಪಾರ ಮನೆಗೆ ಕೊಡುತ್ತಿತ್ತು. ಎರಡೂ ಒಂದಕ್ಕೊಂದು ಸಾಲ ಕೊಟ್ಟುಕೊಂಡು ಯಾರೂ ಬರೆದಿಡುತ್ತಿರಲಿಲ್ಲ. ಎರಡರ ನಡುವೆ ಒಂದು ಗೆರೆ ಎಳೆಯದೆ ಬೇರೇನು ಮಾಡಿದರೂ ಉಪಯೋಗ ಇರಲಿಲ್ಲ.

ಎರಡು ಡಬ್ಬಿ, ಒಂದು ಪುಸ್ತಕ

ಮೊದಲು ಮಾಡಿದ್ದು ತೀರಾ ಸಣ್ಣ ಕೆಲಸ. ವ್ಯಾಪಾರದ ಬೇಳೆ, ಮೆಣಸು, ಕೊಬ್ಬರಿಗೆ ಬೇರೆ ಡಬ್ಬಿಗಳು, ಕೆಂಪು ಮುಚ್ಚಳದವು. ಅಂಗಡಿಯಲ್ಲಿ ಎರಡು ಚೀಟಿ ಬರೆಸುವುದು. ಮನೆಗೆ ಕೆಂಪು ಮುಚ್ಚಳದಿಂದ ಏನು ತೆಗೆದರೂ ಪುಸ್ತಕದಲ್ಲಿ ಬರೆದು ದುಡ್ಡು ಹಾಕುವುದು. ಮನೆಯವರೂ ಗಿರಾಕಿಗಳೇ, ಅಸಲು ಬೆಲೆಯ ಗಿರಾಕಿಗಳು.

ಇದಕ್ಕೆ ಮನೆಯಲ್ಲಿ ಬಂದ ವಿರೋಧ ಹೇಳಿ ಮುಗಿಯದು. "ನಮ್ಮನೆ ಪುಡಿ ನಾವೇ ದುಡ್ಡು ಕೊಟ್ಟು ತಿನ್ನಬೇಕಾ?" ಅಂತ ಅಣ್ಣ. ಅಮ್ಮ ಎರಡು ವಾರ ನನ್ನ ಹತ್ತಿರ ಫೋನಿನಲ್ಲಿ ಸರಿಯಾಗಿ ಮಾತಾಡಲಿಲ್ಲ. ಅತ್ತಿಗೆ ಮಾತ್ರ ಬಿಡಲಿಲ್ಲ. ಮೂರನೇ ತಿಂಗಳು ಪುಸ್ತಕ ಕೂಡಿಸಿದಾಗ ಮನೆ ಬಳಕೆಗೇ 700 ರೂಪಾಯಿಯ ಸರಕು ಹೋಗಿದ್ದು ಕಂಡಿತು. ಆಮೇಲೆ ಅಣ್ಣ ಸುಮ್ಮನಾದ.

ಅತ್ತಿಗೆ ಮತ್ತು ಅಮ್ಮನ ಕೆಲಸಕ್ಕೆ ಗಂಟೆಗೆ 60 ರೂಪಾಯಿ ಅಂತ ಕೂಲಿ ಹಿಡಿದೆವು. ಅಮ್ಮ ತಮ್ಮ ಪಾಲನ್ನು ಮೊದಲ ಸಲ ಕೈಯಲ್ಲಿ ಹಿಡಿದ ದಿನದಿಂದ ತಕ್ಕಡಿಯ ಬಗ್ಗೆ ನಗುವುದು ನಿಂತಿತು.

ಬೆಲೆ ಏರಿಸಿದ ವಾರ

80ರ ಪೊಟ್ಟಣ 110 ಆಗಬೇಕಿತ್ತು. ಅತ್ತಿಗೆಗೆ ನಿದ್ದೆ ಬರಲಿಲ್ಲ. "ಐದು ಜಾಸ್ತಿ ಮಾಡೋಣ, ಆಮೇಲೆ ಐದು" ಅಂದರು. ನಾನು ಬೇಡ ಅಂದೆ. ಮೂರು ತಿಂಗಳಿಗೊಮ್ಮೆ ಏರಿಸಿದರೆ ಗಿರಾಕಿ ಪ್ರತಿ ಸಲ ಬೆಲೆಯನ್ನೇ ನೋಡುತ್ತಾನೆ. ಒಂದೇ ಸಲ ಏರಿಸಿ ವರ್ಷಗಟ್ಟಲೆ ಮುಟ್ಟದೆ ಇದ್ದರೆ ಮರೆಯುತ್ತಾನೆ. ಎಲ್ಲ ವ್ಯಾಪಾರಕ್ಕೂ ಇದು ಸರಿಯೋ ಗೊತ್ತಿಲ್ಲ, ತಿಂಗಳಿಗೊಮ್ಮೆ ಕೊಳ್ಳುವ ಪುಡಿಗೆ ಸರಿ ಅನ್ನಿಸಿತು.

ಅತ್ತಿಗೆ ಕಳಿಸಿದ ಮೆಸೇಜು ಇದು: "ನಮಸ್ಕಾರ. ಮುಂದಿನ ತಿಂಗಳಿಂದ ಚಟ್ನಿ ಪುಡಿ ಕಾಲು ಕಿಲೋಗೆ 110 ರೂ. ಮೆಣಸು, ಬೇಳೆ ದರ ಏರಿದೆ. ಕಡಿಮೆ ಮೆಣಸು, ಜಾಸ್ತಿ ಕಡಲೆ ಹಾಕಿ ಹಳೇ ಬೆಲೆಗೆ ಕೊಡಬಹುದಿತ್ತು, ಮನಸ್ಸು ಬರಲಿಲ್ಲ. ಈ ತಿಂಗಳು 80ಕ್ಕೇ ಸಿಗುತ್ತದೆ, ಮನೆಗೆ ನಾಲ್ಕು ಪೊಟ್ಟಣ ಮಾತ್ರ." ಕೊನೆಯ ವಾಕ್ಯ ನನ್ನದು. ಮಧ್ಯದ್ದು ಅವರದೇ, ಅದೇ ಕೆಲಸ ಮಾಡಿದ್ದು.

ಅರವತ್ತು ಮನೆಯಲ್ಲಿ ಒಂಬತ್ತು ಮನೆ ಬಿಟ್ಟರು. ಇಬ್ಬರು ದೀಪಾವಳಿ ಹೊತ್ತಿಗೆ ವಾಪಸ್ ಬಂದರು. ಹೊಸ ಬೆಲೆಯಲ್ಲಿ ಒಬ್ಬೆಗೆ 2,200. ದಿನಸಿ, ಪೌಚು, ಗಿರಣಿ, ಗ್ಯಾಸು, ಓಡಾಟ, ರುಚಿ ನೋಡಲು ಕೊಡುವ ಪುಟ್ಟ ಸ್ಯಾಶೆ ಸೇರಿ 1,440. ಇಬ್ಬರ ಕೂಲಿ 480. ಇಷ್ಟೆಲ್ಲ ಕಳೆದ ಮೇಲೂ 280 ರೂಪಾಯಿ ವ್ಯಾಪಾರದ ಡಬ್ಬಿಯಲ್ಲಿ ಉಳಿಯಿತು.

ಕೊರಿಯರ್ ದುಡ್ಡು ಬೇರೆ, ಎಲ್ಲರಿಗೂ. ಆರ್ಡರು ಕಡಿಮೆ ಎಂದರೂ ಒಂದು ಕಿಲೋ ಇರಬೇಕು, ದುಡ್ಡು ಮೊದಲು. ಈ ಕೊನೆಯದಕ್ಕೆ ನೆಂಟರೇ ಜಾಸ್ತಿ ಬೇಜಾರು ಮಾಡಿಕೊಂಡರು. "ಆಮೇಲೆ ಹಾಕ್ತೀನಿ" ಅಂದವರ ಬಾಕಿ ಹಳೇ ಡೈರಿಯಲ್ಲಿ ಕೂಡಿಸಿದರೆ 6,300 ರೂಪಾಯಿ ಇತ್ತು. ಅದರಲ್ಲಿ ಹೊರಗಿನವರದ್ದು 400 ಮಾತ್ರ.

ಮೆಣಸಿನ ದರದ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2024ರ ಮಾರ್ಚಿನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು, ರೈತರು ರೊಚ್ಚಿಗೆದ್ದು, ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಬೆಳೆದವರ ಕಷ್ಟ ನೋಡಿ ಅಯ್ಯೋ ಅನ್ನಿಸಿದರೂ, ಆ ವಾರ ಅತ್ತಿಗೆ ಎಂಟು ತಿಂಗಳಿಗಾಗುವಷ್ಟು ಮೆಣಸು ತರಿಸಿ, ಬಿಸಿಲಿಗೆ ಹಾಕಿ, ಡ್ರಮ್ಮಿಗೆ ತುಂಬಿದರು. ಪುಡಿಯ ಬೆಲೆ ಇಳಿಸಲಿಲ್ಲ. ಇಳಿಸಬೇಕಿತ್ತಾ ಅಂತ ನನ್ನನ್ನು ಕೇಳಿದರೆ ಬೇಡ ಅನ್ನುತ್ತೇನೆ. 2025ರಲ್ಲಿ ಕೊಬ್ಬರಿ ಸೇಡು ತೀರಿಸಿಕೊಂಡಿತಲ್ಲ. ತಿಪಟೂರಿನಲ್ಲಿ ಕ್ವಿಂಟಾಲ್ 20 ಸಾವಿರ ದಾಟಿತು. ಮೆಣಸಿನಲ್ಲಿ ಉಳಿದದ್ದು ಕೊಬ್ಬರಿಗೆ ಹೋಯಿತು.

ಹದಿನಾಲ್ಕರಿಂದ ಐದಕ್ಕೆ

ಎಲ್ಲ ತಿನಿಸಿಗೂ ಇದೇ ರೀತಿ ಲೆಕ್ಕ ಹಾಕಿದ ಮೇಲೆ ಪಟ್ಟಿ ತಾನೇ ಸಣ್ಣದಾಯಿತು. ಚಕ್ಕುಲಿ, ಕೋಡುಬಳೆ ಕೊರಿಯರಿನಲ್ಲಿ ಮುರಿಯುತ್ತವೆ. ಕರಿದ ಎಣ್ಣೆಯನ್ನು ಏನು ಮಾಡುವುದು ಅನ್ನುವ ತಲೆನೋವು ಬೇರೆ. ದೋಸೆ ಹಿಟ್ಟು ಲಾಭದ್ದೇ. ಆದರೆ ಅದಕ್ಕೆ ರಜೆ ಇಲ್ಲ. ನಾಲ್ಕು ಮನೆಯ ಹಿಟ್ಟಿಗಾಗಿ ಅತ್ತಿಗೆ ಎರಡು ವರ್ಷ ತವರಿನಲ್ಲಿ ಒಂದು ರಾತ್ರಿಯೂ ಉಳಿದಿರಲಿಲ್ಲ. ಅದನ್ನು ಬಿಟ್ಟಾಗ ಸಿಕ್ಕಿದ ಸಮಾಧಾನಕ್ಕೆ ಲೆಕ್ಕ ಬರೆಯಲು ನನಗೆ ಬರುವುದಿಲ್ಲ.

ಉಳಿದದ್ದು ಮೂರು ಪುಡಿ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ.

ಪೊಟ್ಟಣದ ಮೇಲೆ ಅಂಗಡಿ ಪುಡಿ ನೋಡಿ "6 ತಿಂಗಳು" ಅಂತ ಬರೆದಿದ್ದರು. ಒಣಕೊಬ್ಬರಿ ಹಾಕಿದ ಪುಡಿ ಅಷ್ಟು ದಿನ ಇರುತ್ತದಾ? ಅವತ್ತಿನಿಂದ ಪ್ರತಿ ಒಬ್ಬೆಯ ಒಂದು ಪೊಟ್ಟಣ ಕಪಾಟಿನಲ್ಲಿ ಇಟ್ಟು, ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಮೂಸಿ ನೋಡುವುದು ಅಮ್ಮನ ಕೆಲಸ. ಅಮ್ಮನ ಮೂಗಿಗೆ ಹತ್ತನೇ ವಾರ ಸಣ್ಣ ಕಮಟು ಸಿಕ್ಕಿತು. ಈಗ ಲೇಬಲ್ಲಿನಲ್ಲಿ 2 ತಿಂಗಳು ಅಂತಲೇ ಇದೆ.

ಬೂಸ್ಟು ಹಿಡಿದ ಹಪ್ಪಳ

ಇದು ಅತ್ತಿಗೆಯ ತಪ್ಪು, ಅವರೇ ಒಪ್ಪಿಕೊಳ್ಳುತ್ತಾರೆ. ನನ್ನದೂ ಪಾಲಿದೆ.

ಹಲಸಿನ ಹಪ್ಪಳ ಅಂದರೆ ಏಪ್ರಿಲ್, ಮೇ ಎರಡೇ ತಿಂಗಳ ಕೆಲಸ. ಬಲಿತ ಕಾಯಿ ಕೊಯ್ದು, ಕೈಗೆ ಎಣ್ಣೆ ಸವರಿಕೊಂಡು ಮೇಣ ಬಿಡಿಸಿ, ತೊಳೆ ತೆಗೆದು ಹಬೆಯಲ್ಲಿ ಬೇಯಿಸಬೇಕು. ಬಿಸಿ ಆರುವ ಮೊದಲೇ ಒರಳಿಗೆ ಹಾಕಿ ಗುದ್ದಬೇಕು, ಆರಿದರೆ ಹಿಟ್ಟು ಬಿಗಿಯುತ್ತದೆ. ಉಂಡೆ ಕಟ್ಟಿ ಮಣೆಯಲ್ಲಿ ಒತ್ತಿ ಚಾಪೆಯ ಮೇಲೆ ಬಿಸಿಲಿಗೆ ಹರಡುವುದು. ಅಡಿಕೆ ಒಣಗಿಸುವ ಅಟ್ಟ ಆ ಹೊತ್ತಿಗೆ ಖಾಲಿ ಇರುತ್ತದೆ, ಅದೇ ನಮ್ಮ ಫ್ಯಾಕ್ಟರಿ.

2024ರ ಮೇ ಕೊನೆಯಲ್ಲಿ ಆರ್ಡರು ರಾಶಿ ಬಿದ್ದಿತ್ತು, ಮೋಡ ಕಟ್ಟುತ್ತಿತ್ತು. ನಾನೂ ಬೆಂಗಳೂರಿನಿಂದ "ಬೇಗ ಕಳಿಸಿ, ಇಲ್ಲಿ ಕೇಳ್ತಿದಾರೆ" ಅಂತ ಒತ್ತಾಯ ಮಾಡಿದ್ದೆ. ಒಣಗಿದ ಹಪ್ಪಳ ಮುರಿದರೆ ಟಕ್ ಅನ್ನಬೇಕು. ಆ ಒಬ್ಬೆಯದು ಬಾಗಿ ಮುರಿಯುತ್ತಿತ್ತು. ಗೊತ್ತಿದ್ದೂ ತುಂಬಿದರು. ಹತ್ತು ದಿನದಲ್ಲಿ ಫೋನು ಶುರು. ಹಪ್ಪಳದ ಮೇಲೆ ಬೂಸ್ಟು, ಫೋಟೋ ಸಮೇತ.

38 ಪೊಟ್ಟಣ. ಅತ್ತಿಗೆ ಅವತ್ತೇ ಎಲ್ಲರಿಗೂ ತಾವೇ ಫೋನ್ ಮಾಡಿದರು, ದೂರದವರಿಗೂ, ದೂರು ಹೇಳದವರಿಗೂ. ಅದು ತಿನ್ನಬೇಡಿ ಅಂದರು, ದುಡ್ಡು ವಾಪಸ್ ಹಾಕಿದರು. ಒಬ್ಬೆಗೆ ನಂಬರು ಹಾಕಿ ಯಾರಿಗೆ ಯಾವುದು ಹೋಯಿತು ಅಂತ ಬರೆದಿದ್ದರಿಂದ ಆ ಒಂದು ಒಬ್ಬೆಗೇ ನಿಂತಿತು. ಇಲ್ಲದಿದ್ದರೆ ಆ ತಿಂಗಳ ಎಲ್ಲಾ ಹಪ್ಪಳದ ದುಡ್ಡು ಕೊಡಬೇಕಿತ್ತು. ಆದರೂ ಏಳು ಸಾವಿರ ಹೋಯಿತು.

ಮಳೆ ಮತ್ತು ಹಪ್ಪಳದ ಜಗಳ ಹಳೆಯದು. ಲಿಜ್ಜತ್ ಹಪ್ಪಳ ಶುರುವಾದದ್ದು 1959ರ ಮಾರ್ಚ್ 15ರಂದು, ಮುಂಬೈನ ಗಿರ್‌ಗಾಂವ್‌ನಲ್ಲಿ ಒಂದು ಕಟ್ಟಡದ ತಾರಸಿಯಲ್ಲಿ. ಏಳು ಹೆಂಗಸರು, 80 ರೂಪಾಯಿ ಸಾಲ, ಮೊದಲ ದಿನ ನಾಲ್ಕು ಪೊಟ್ಟಣ. ಮೊದಲ ವರ್ಷ ಮಳೆಗಾಲದಲ್ಲಿ ನಾಲ್ಕು ತಿಂಗಳು ಅವರೂ ಕೆಲಸ ನಿಲ್ಲಿಸಬೇಕಾಯಿತು. ಮುಂದಿನ ವರ್ಷ ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಉರಿಯುವ ಸ್ಟೌ. ಈ ಕಥೆ ಹೇಳಿದಾಗ ಅತ್ತಿಗೆ, "ನಮ್ಮ ಕಡೆ ಮಳೆಗೆ ಮಂಚದ ಕೆಳಗೆ ಅಲ್ಲ, ಮನೆ ಕೆಳಗೇ ಸ್ಟೌ ಇಡಬೇಕು" ಅಂದರು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಸಾಗರದಲ್ಲಿ ಬಟ್ಟೆಯೇ ಒಣಗುವುದಿಲ್ಲ. ಮೇ 20ರ ನಂತರ ಹಪ್ಪಳದ ಆರ್ಡರು ತೆಗೆದುಕೊಳ್ಳುವುದಿಲ್ಲ ಅಂತ ಈಗ ಫೆಬ್ರವರಿಯಲ್ಲೇ ಹೇಳಿಬಿಡುತ್ತಾರೆ. ಅಷ್ಟು ಹೇಳಿದ್ದಕ್ಕೇ ಜನ ಮಾರ್ಚಿನಲ್ಲಿ ದುಡ್ಡು ಹಾಕಿ ಕಾಯುತ್ತಾರೆ.

"ಮನೇಲೇ ಇರ್ತೀಯಲ್ಲ"

ಅತ್ತಿಗೆಯ ಪ್ರಕಾರ ಲೆಕ್ಕಕ್ಕಿಂತ ಕಷ್ಟವಾದದ್ದು ಇದು. ಅಂಗಡಿಗೆ ಹೋಗುವ ಹೆಂಗಸನ್ನು ಯಾರೂ ನಡುವೆ ಕರೆಯುವುದಿಲ್ಲ. ಮನೆಯಲ್ಲಿ ದುಡಿಯುವವಳು ಎಲ್ಲರಿಗೂ ಬಿಡುವಾಗಿ ಕಾಣುತ್ತಾಳೆ. "ಹೇಗೂ ಮನೇಲೇ ಇರ್ತೀಯಲ್ಲ, ಸ್ವಲ್ಪ ಪಾರ್ಸಲ್ ತಗೊಂಡಿರು." "ಹೇಗೂ ಒಲೆ ಹಚ್ಚಿರ್ತೀಯಲ್ಲ." ಉರಿಯ ಮೇಲೆ ಬೇಳೆ ಇಟ್ಟು ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಎಷ್ಟು ಸಲ ಸೀದಿದೆಯೋ!

ಹತ್ತೂವರೆಯಿಂದ ಮೂರೂವರೆ ಕೆಲಸದ ಹೊತ್ತು ಅಂತ ಗೊತ್ತು ಮಾಡಿದರು. ಆ ಹೊತ್ತಿನಲ್ಲಿ ತಲೆಗೆ ಟೋಪಿ, ಬೇರೆ ಏಪ್ರನ್. ಶುಚಿತ್ವಕ್ಕೆ ಅಂತ ತಂದದ್ದು ಅದು. ಆದರೆ ಏಪ್ರನ್ ಕಂಡರೆ ಬಂದವರೇ "ಓ, ಕೆಲಸದಲ್ಲಿದೀಯ, ಆಮೇಲೆ ಬರ್ತೀನಿ" ಅಂತ ಹೋಗಲು ಶುರು ಮಾಡಿದರು. ಬೋರ್ಡು ಹಾಕಿದ್ದರೂ ಇಷ್ಟು ಕೆಲಸ ಆಗುತ್ತಿರಲಿಲ್ಲ ಅನ್ನಿಸುತ್ತದೆ. ವ್ಯಾಪಾರದ ವಾಟ್ಸಾಪಿಗೆ ಬೇರೆ ಸಿಮ್, ರಾತ್ರಿ ಎಂಟರ ಮೇಲೆ ಆ ಫೋನು ಕಪಾಟಿನಲ್ಲಿ.

ಕಾಗದಪತ್ರ

2023ರ ತನಕ ಅವರ ಹತ್ತಿರ ಒಂದು ಕಾಗದವೂ ಇರಲಿಲ್ಲ. ಮನೆಯಲ್ಲಿ ಮಾಡಿ ಮಾರುವುದಕ್ಕೆ ಇದೆಲ್ಲ ಬೇಕಾಗುತ್ತದೆ ಅಂತಲೇ ಗೊತ್ತಿರಲಿಲ್ಲ. ಆಹಾರ ಮಾರುವವರು ಎಷ್ಟೇ ಸಣ್ಣವರಾದರೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ನಾವು ಮಾಡಿಸುವಾಗ ವರ್ಷದ ವಹಿವಾಟು 12 ಲಕ್ಷದೊಳಗಿನವರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಫೋಟೋ, ಗುರುತಿನ ಚೀಟಿ, ವಿಳಾಸದ ಪುರಾವೆ, ಅಷ್ಟೇ. ಫೋನಿನಲ್ಲೇ ಅರ್ಜಿ ತುಂಬಿದೆವು. ಬರುವ 14 ಅಂಕಿಯ ನಂಬರನ್ನು ಪೊಟ್ಟಣದ ಮೇಲೆ ಹಾಕಬೇಕು. ಜೊತೆಗೆ ಏನೇನು ಹಾಕಿದ್ದೀರಿ ಅನ್ನುವುದು ತೂಕದಲ್ಲಿ ಜಾಸ್ತಿ ಇರುವುದರಿಂದ ಕಡಿಮೆ ಇರುವುದಕ್ಕೆ, ನಿವ್ವಳ ತೂಕ, ಎಂಆರ್‌ಪಿ, ಮಾಡಿದ ದಿನ, ಎಷ್ಟು ದಿನ ಚೆನ್ನಾಗಿರುತ್ತದೆ, ಒಬ್ಬೆ ನಂಬರು, ವಿಳಾಸ, ಸಸ್ಯಾಹಾರದ ಹಸಿರು ಚುಕ್ಕೆ. ಇಷ್ಟೆಲ್ಲ ಸಣ್ಣ ಪೌಚಿನಲ್ಲಿ ಹಿಡಿಸಲು ಅಣ್ಣನ ಜೆರಾಕ್ಸ್ ಅಂಗಡಿಯ ಅನುಭವ ಕೊನೆಗೂ ಉಪಯೋಗಕ್ಕೆ ಬಂತು.

ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಇದಕ್ಕೇ ಪೇಟೆಯ ಒಂದು ಸೈಬರ್ ಸೆಂಟರಿನಲ್ಲಿ 1,500 ಕೇಳಿದ್ದರು. ಆ ಪ್ರಮಾಣಪತ್ರ ತೋರಿಸಿ ವ್ಯಾಪಾರದ ಹೆಸರಿನಲ್ಲಿ ಬ್ಯಾಂಕಿನ ಖಾತೆ ತೆರೆದರು.

ಗ್ಯಾಸು ಮತ್ತು ಕರೆಂಟಿನಲ್ಲೂ ಅದೇ ಗೆರೆ. ಮನೆಯ 14.2 ಕಿಲೋದ ಕೆಂಪು ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. 19 ಕಿಲೋದ ನೀಲಿ ಸಿಲಿಂಡರು ತಂದರು, ಒಬ್ಬೆಯ ಗ್ಯಾಸ್ ಖರ್ಚು 50ರಿಂದ 70 ಆಯಿತು. ಗಿರಣಿಗೆ ಓಡುವುದು ಬೇಡ, ಮನೆಯಲ್ಲೇ ಪುಡಿ ಮಾಡುವ ಮಷೀನು, ಒಂದು ಪಲ್ವರೈಸರ್ ಇಡೋಣ ಅಂತ ಅಣ್ಣನ ಆಸೆ. ಅಷ್ಟು ಹೊತ್ತಿಗೆ ಗೃಹಜ್ಯೋತಿ ಬಂದಿತ್ತು. ಅದು ಮನೆ ಬಳಕೆಯ ಕರೆಂಟಿಗೆ ಮಾತ್ರ, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮಷೀನು ಇಟ್ಟರೆ ಬೇರೆ ಮೀಟರು ಬೇಕು. ಕೂಡಿಸಿ ನೋಡಿದರೆ ಕಿಲೋಗೆ 20 ಕೊಟ್ಟು ಗಿರಣಿಗೆ ಹೋಗುವುದೇ ವಾಸಿ.

ಜಿಎಸ್‌ಟಿ ಬಗ್ಗೆ ಒಂದೇ ವಿಷಯ ಹೇಳುತ್ತೇನೆ, ತುಂಬಾ ಜನ ಎಡವುವುದು ಇಲ್ಲಿ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷದ ತನಕ ನೋಂದಣಿ ಬೇಡ ಅನ್ನುವುದು ಸರಿ. ಆದರೆ ತೆರಿಗೆ ಇರುವ ಸರಕನ್ನು ಹೊರ ರಾಜ್ಯಕ್ಕೆ ಮಾರಿದರೆ ಆ ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಪೊಟ್ಟಣಕ್ಕೇ ನೋಂದಣಿ ಬೇಕು. ಹಪ್ಪಳಕ್ಕೆ ತೆರಿಗೆ ಇಲ್ಲ, ಪುಡಿಗೆ ಇದೆ. ಪುಣೆ, ಚೆನ್ನೈಯಿಂದ ಪುಡಿ ಕೇಳಿದವರಿಗೆ ಅತ್ತಿಗೆ ಸದ್ಯಕ್ಕೆ "ಕರ್ನಾಟಕದೊಳಗೆ ಮಾತ್ರ" ಅನ್ನುತ್ತಾರೆ.

2025ರ ಜುಲೈ

ಆ ತಿಂಗಳು ಯುಪಿಐ ವಹಿವಾಟು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆಯ ನೋಟಿಸು ಹೋಯಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದ್ದನ್ನು ನಾನೇ ನೋಡಿದೆ. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂದರು.

ಟಿವಿ ನೋಡಿ ಅತ್ತಿಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದರು. "ನನಗೂ ಬರತ್ತಾ?"

ಅವರ ವಹಿವಾಟು 40 ಲಕ್ಷದ ಹತ್ತಿರವೂ ಇಲ್ಲ. ಹೆದರಿಕೆಗೆ ಕಾರಣ ಬೇರೆ ಇತ್ತು. ಮಹಿಳಾ ಸಂಘದ ಹದಿನೈದು ಜನರ ವಾರದ ಕಂತು ಅವರ ಫೋನಿಗೇ ಬರುತ್ತದೆ. ಅಣ್ಣನ ತೋಟದ ದುಡ್ಡು, ನಾನು ಅಮ್ಮನ ಔಷಧಿಗೆ ಹಾಕುವ ದುಡ್ಡು ಎಲ್ಲ ಅಲ್ಲಿಗೇ. ಆದರೆ ಎರಡು ವರ್ಷದಿಂದ ಪುಡಿ, ಹಪ್ಪಳದ ದುಡ್ಡು ಮಾತ್ರ ಬೇರೆ ಖಾತೆಗೆ ಹೋಗುತ್ತಿತ್ತು. ಆ ಖಾತೆಯ ಹಾಳೆ ತೆಗೆದು ಪುಸ್ತಕದ ಪಕ್ಕ ಇಟ್ಟು ಫೋನಿನಲ್ಲೇ ತಾಳೆ ನೋಡಿದೆವು. 2024-25ರಲ್ಲಿ ಒಟ್ಟು 5 ಲಕ್ಷ 20 ಸಾವಿರ. ಅತ್ತಿಗೆಯ ಕೂಲಿ ಸರಾಸರಿ ತಿಂಗಳಿಗೆ 8 ಸಾವಿರ, ಅಮ್ಮನದು ಒಂದೂವರೆ. ಹಪ್ಪಳದ ನಷ್ಟ ಕಳೆದು ಡಬ್ಬಿಯಲ್ಲಿ ಉಳಿದದ್ದು 52 ಸಾವಿರ. ಹನ್ನೊಂದೂವರೆಗೆ "ಸರಿ, ಮಲಗ್ತೀನಿ" ಅಂದರು.

ಒಣಗಿಸುವ ಮಷೀನು

ಈಗ ಮುಂದಿರುವುದು ಒಂದು ಡ್ರೈಯರಿನ ಪ್ರಶ್ನೆ. ಸಣ್ಣ ಆಹಾರ ಘಟಕಗಳಿಗೆ ಪಿಎಂಎಫ್‌ಎಂಇ ಅಂತ ಕೇಂದ್ರದ ಯೋಜನೆ ಇದೆ. ಅದರಲ್ಲಿ ಸಾಲದ ಜೊತೆ ಶೇ 35 ಸಬ್ಸಿಡಿ. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಶೇ 15 ಸೇರಿಸಿದ್ದರಿಂದ ಅರ್ಧಕ್ಕರ್ಧ. ಅಣ್ಣ ಕೊಟೇಶನ್ನೂ ತಂದಿದ್ದಾನೆ. ಜೂನಿನಲ್ಲೂ ಹಪ್ಪಳ ಒಣಗಿಸಬಹುದು ಅನ್ನುವುದು ಅವನ ವಾದ.

ನನಗೆ ಅಷ್ಟು ಧೈರ್ಯ ಇಲ್ಲ. ಸಬ್ಸಿಡಿ ಅರ್ಧ ಇದ್ದರೂ ಇನ್ನರ್ಧ ಸಾಲವೇ ಅಲ್ವಾ. ಅದೂ ಅಲ್ಲದೆ ಜೂನಿನಲ್ಲಿ ಡ್ರೈಯರು ಇರಬಹುದು, ಹಲಸಿನ ಕಾಯಿ? ಆ ಹೊತ್ತಿಗೆ ಮರದಲ್ಲಿ ಹಣ್ಣಾಗಿ ಬಿದ್ದಿರುತ್ತದೆ.

ಹೋದ ವಾರ ಅತ್ತಿಗೆಯೇ ಫೋನ್ ಮಾಡಿದ್ದರು. ಉಜಿರೆಯ ರುಡ್‌ಸೆಟ್ ತರಬೇತಿ ಸಂಸ್ಥೆಯ ಹಾಗೆ ಊಟ, ವಸತಿ ಕೊಟ್ಟು ಉಚಿತವಾಗಿ ಕಲಿಸುವ ತರಬೇತಿಗೆ ಹತ್ತು ದಿನ ಹೋಗಿ ಬಂದು ಆಮೇಲೆ ತೀರ್ಮಾನ ಮಾಡುತ್ತೇನೆ ಅಂದರು. "ತೊಳೆಯನ್ನೇ ಮೊದಲು ಒಣಗಿಸಿ ಇಟ್ಟು, ಮಳೆಗಾಲದಲ್ಲಿ ಹಿಟ್ಟು ಮಾಡಿ ಮಾರಬಹುದಾ ಅಂತ ಕೇಳ್ಕೊಂಡು ಬರ್ತೀನಿ. ಆ ಹತ್ತು ದಿನ ಪುಡಿ ಕೆಲಸ ಅತ್ತೆ ನೋಡ್ಕೋತಾರೆ."

ಹಿಂದಿನಿಂದ ಅಮ್ಮನ ದನಿ ಕೇಳಿಸಿತು. "ಎಂಟು ಗಂಟೆ ಪೂರ್ತಿ ನಾನೇ ಮಾಡಿದ್ರೆ ಅಷ್ಟೂ ಕೂಲಿ ನಂದೇ ತಾನೇ? ಪುಸ್ತಕದಲ್ಲಿ ಬರೆಸು."